ಎಂಸಿಬಿ ಬೀಳ್ತಾ ಇದ್ಯಾ? ದೊಡ್ಡದು ಹಾಕಿ ಸಾರ್!

ಈ ಮಾತು ಕೇಳದ ಬೆಂಗಳೂರಿಗರು ಯಾರಾದರೂ ಇದ್ದೀರಾ? ಎಂಸಿಬಿ ಪದೇ ಪದೇ ಬೀಳುತ್ತೆ ಅಂತ ಎಲೆಕ್ಟ್ರಿಷಿಯನ್ನನ್ನು ಕರೆಸ್ತೀವಿ. ಆತ ಬಂದು ಬೋರ್ಡ್ ಬಿಚ್ಚಿ, "ಇದು ಬರೀ ಆರು ಆಂಪ್ ಸಾರ್, ಸಾಲಲ್ಲ" ಅಂತ ಅದನ್ನ ಕಿತ್ತು 32 ಆಂಪಿನದ್ದು ಕೂರಿಸ್ತಾನೆ. ಆಮೇಲೆ ಅದು ಬೀಳೋದೇ ಇಲ್ಲ. ನಮಗೂ ಖುಷಿ, ಅವನಿಗೂ ಖುಷಿ.

ನಾನೂ ಹಾಗೇ ಖುಷಿಪಟ್ಟವನು. ಇವತ್ತಿನ ನನ್ನ ಜಗಳ ಆ ಖುಷಿಯ ಜೊತೆಗೇ...

ನಮ್ಮದು ಚಾಮರಾಜಪೇಟೆಯಲ್ಲಿ ತಾತ ಕಟ್ಟಿಸಿದ ಮನೆ. ಪಕ್ಕದ ಸೈಟಿನಲ್ಲಿ ನಾಲ್ಕು ಅಂತಸ್ತು ಎದ್ದ ಮೇಲೆ ನಮ್ಮ ಹಿತ್ತಲಿಗೆ ಬಿಸಿಲು ಬರೋದು ನಿಂತೇಹೋಯ್ತು. ಅಮ್ಮನ ತುಳಸಿ ಸೊರಗಿತು, ನನ್ನ ಆರ್ಕಿಡ್‌ಗಳು ಹೂ ಬಿಡೋದು ಮರೆತವು. ಬಿಸಿಲು ಕೊಡದಿದ್ರೆ ನಾವೇ ಮಾಡ್ಕೊಳ್ಳೋಣ ಅಂತ 400 ವ್ಯಾಟಿನ ಎರಡು ಮೆಟಲ್ ಹ್ಯಾಲೈಡ್ ದೀಪಗಳನ್ನ ಸೆಕೆಂಡ್ ಹ್ಯಾಂಡಿನಲ್ಲಿ ತಂದು ಹಿಂದಿನ ಕೋಣೆಯಲ್ಲಿ ತೂಗುಹಾಕಿದೆ. ದಿನಕ್ಕೆ ಹನ್ನೆರಡು ಗಂಟೆ.

ಗಿಡಕ್ಕೆ ಕರೆಂಟಿನ ಬೆಳಕು ಕೊಡೋದು ಹುಚ್ಚಾಟವೇನಲ್ಲ. ರಾತ್ರಿ ಹೊತ್ತು ಚಿಕ್ಕಬಳ್ಳಾಪುರದ ಕಡೆ ಓಡಾಡಿದವರು ಸೇವಂತಿಗೆ ಹೊಲಗಳಲ್ಲಿ ಸಾಲು ಸಾಲು ಬಲ್ಬು ಉರಿಯೋದನ್ನ ನೋಡಿರ್ತೀರಿ. ಸೇವಂತಿಗೆ ಮೊಗ್ಗು ಬಿಡೋದಕ್ಕೆ ದೀರ್ಘ ರಾತ್ರಿ ಬೇಕು. ರಾತ್ರಿಗೆ ಬೆಳಕು ಕೊಟ್ಟು ಮೊಗ್ಗನ್ನು ತಡೆದರೆ ಗಿಡ ಎತ್ತರ ಬೆಳೆಯುತ್ತೆ, ಹೂವು ಬೇಕಾದ ಕಾಲಕ್ಕೆ ಸಿಗುತ್ತೆ. ಅದಕ್ಕೆ ಸಣ್ಣ ಬಲ್ಬು ಸಾಕು. ನಾನು ಹೊರಟಿದ್ದು ಬಿಸಿಲನ್ನೇ ಮನೆಯೊಳಗೆ ತರೋದಕ್ಕೆ!

ಎರಡು ದೀಪ, ಅವುಗಳ ಚೋಕು, ಎಲ್ಲಾ ಸೇರಿ ಹತ್ತಿರ ಹತ್ತಿರ 900 ವ್ಯಾಟ್. 230 ವೋಲ್ಟಿಗೆ ಭಾಗಿಸಿದರೆ ಸುಮಾರು 4 ಆಂಪ್. ಅದೇ ಲೈನಿನಲ್ಲಿ ಫ್ರಿಜ್ಜೂ ಇತ್ತು. ಫ್ರಿಜ್ ಸ್ಟಾರ್ಟ್ ಆದಾಗೆಲ್ಲ ಎಂಸಿಬಿ ಟಪ್ ಅಂತ ಬೀಳೋದು. ಎಲೆಕ್ಟ್ರಿಷಿಯನ್ ಬಂದ, 32 ಹಾಕಿದ, ಹೋದ.

ಹದಿನೈದು ದಿನ ಆಗಿರಬಹುದು. ದೀಪಗಳು ಉರೀತಾ ಇರುವಾಗಲೇ ಅದೇ ಲೈನಿನ ಇನ್ನೊಂದು ಸಾಕೆಟ್ಟಿಗೆ ಇಸ್ತ್ರಿ ಪೆಟ್ಟಿಗೆ ಹಾಕಿದ್ದೆ. ಅದು ಇನ್ನೊಂದು 1000 ವ್ಯಾಟ್, ಅಂದ್ರೆ ಮತ್ತೆ 4 ಆಂಪಿನ ಮೇಲೆ. ಹಳೇ ಎಂಸಿಬಿ ಆಗಿದ್ದರೆ ತಡವಾಗಿಯಾದರೂ ಬೀಳೋ ಸಾಧ್ಯತೆ ಇತ್ತು. ಹೊಸದು ಅಲ್ಲಾಡಲಿಲ್ಲ. ಪಕ್ಕದ ಕೋಣೆಯಲ್ಲಿ ಮಲಗಿದ್ದ ಅಮ್ಮ ಎದ್ದು ಬಂದು "ಏನೋ ಸುಟ್ಟ ವಾಸನೆ ಕಣೋ" ಅಂದ್ರು. ನಾನು ಅಡುಗೆಮನೆಗೆ ಓಡಿದೆ, ಒಲೆ ಆರಿತ್ತು. ವಾಸನೆ ಬರ್ತಾ ಇದ್ದದ್ದು ಗೋಡೆಯಿಂದ.

ಮೇನ್ ಆಫ್ ಮಾಡಿ ಬೋರ್ಡ್ ಬಿಚ್ಚಿಸಿದಾಗ ಕಂಡಿದ್ದನ್ನ ನಾನು ಮರೆಯೋ ಹಾಗಿಲ್ಲ. ಎಪ್ಪತ್ತರ ದಶಕದಲ್ಲಿ ಎಳೆಸಿದ ಅಲ್ಯೂಮಿನಿಯಂ ತಂತಿ. ಸ್ಕ್ರೂ ಬಿಗಿದ ಜಾಗದಲ್ಲಿ ಕಪ್ಪಗೆ ಸುಟ್ಟಿತ್ತು. ಮೇಲಿನ ಪ್ಲಾಸ್ಟಿಕ್ಕು ಮುಟ್ಟಿದರೆ ಸಂಡಿಗೆ ಥರ ಪುಡಿ ಪುಡಿ. ಆ ಗೋಡೆಯ ಆಚೆಗೇ ಅಮ್ಮನ ಮಂಚ.

ಈಗ ಹೇಳಿ, ಎಂಸಿಬಿ ಇರೋದು ಯಾರನ್ನ ಕಾಯೋದಕ್ಕೆ? ನಮ್ಮಲ್ಲಿ ಬಹಳ ಜನ ಅದು ಫ್ರಿಜ್ಜನ್ನ, ಟೀವಿಯನ್ನ ಕಾಯುತ್ತೆ ಅಂದ್ಕೊಂಡಿದ್ದಾರೆ. ಅಲ್ಲ ಸ್ವಾಮಿ, ಅದು ಕಾಯೋದು ಗೋಡೆಯೊಳಗಿನ ತಂತಿಯನ್ನ. 1.5 ಚದರ ಮಿಲಿಮೀಟರ್ ತಾಮ್ರದ ತಂತಿಗೆ ಸಾಮಾನ್ಯವಾಗಿ 10 ಆಂಪ್ ಎಂಸಿಬಿ, 2.5ರ ತಂತಿಗೆ 16 ಹಾಕ್ತಾರೆ. ನಮ್ಮ ಮುದಿ ಅಲ್ಯೂಮಿನಿಯಂಗೆ 32 ಹಾಕೋದು ಅಂದ್ರೆ ಕಾವಲುಗಾರನಿಗೆ ನಿದ್ದೆ ಮಾತ್ರೆ ಕೊಟ್ಟ ಹಾಗೆ. 32ರ ಎಂಸಿಬಿಯಲ್ಲಿ 36 ಆಂಪ್ ಹರಿದರೂ ಒಂದು ಗಂಟೆ ಅದು ಬೀಳದೇ ಇರಬಹುದು, ಅದನ್ನ ಮಾಡಿರೋದೇ ಹಾಗೆ. ಅಷ್ಟರಲ್ಲಿ ತಂತಿಯ ಗತಿ? ಹಿಂದೆ ಪಿಂಗಾಣಿ ಫ್ಯೂಸಿಗೆ ಎರಡೆಳೆ ಮೂರೆಳೆ ದಪ್ಪ ತಂತಿ ಸುತ್ತುತ್ತಿದ್ದೆವಲ್ಲ, ಇದೂ ಅದೇ ಚಾಳಿ. ಡಬ್ಬಿ ಮಾತ್ರ ಹೊಸದು.

"ಗೀಸರ್ 2000 ವ್ಯಾಟ್ ಎಳೆಯುತ್ತೆ, ಅದಕ್ಕೇನೂ ಆಗಲ್ವಲ್ಲ?" ಅಂತ ನನ್ನ ಗೆಳೆಯ ವಾದಕ್ಕೆ ಬಂದ. ಗೀಸರಿಗೆ ಬೇರೆ ಲೈನ್ ಇದೆಯಪ್ಪಾ! ಮೇಲಾಗಿ ಅದು ಇಪ್ಪತ್ತು ನಿಮಿಷ ಓಡಿ ಆರುತ್ತೆ, ತಂತಿ ತಣ್ಣಗಾಗುತ್ತೆ. ಗಿಡದ ದೀಪ ಹನ್ನೆರಡು ಗಂಟೆ ಬಿಡುವಿಲ್ಲದೆ ಉರಿಯುತ್ತೆ. ಕರೆಂಟ್ ಎರಡು ಪಟ್ಟಾದರೆ ತಂತಿಯ ಬಿಸಿ ನಾಲ್ಕು ಪಟ್ಟಾಗುತ್ತೆ. ಸಡಿಲ ಸ್ಕ್ರೂ ಇರೋ ಕಡೆ ಮೂರು ನಾಲ್ಕು ಆಂಪ್ ಕೂಡಾ ಸುಡಬಲ್ಲದು, ಅದು ಯಾವ ಎಂಸಿಬಿಗೂ ಗೊತ್ತಾಗಲ್ಲ.

ಇನ್ನೊಂದು ತಕರಾರು ಅಮೆರಿಕದ ಲೆಕ್ಕ ಓದಿ ಇಲ್ಲಿ ದೀಪ ಹಾಕೋರ ಮೇಲೆ. ಅಲ್ಲಿ ಮನೆಯ ಸಾಕೆಟ್ಟು 120 ವೋಲ್ಟು, ಲೈನು 15 ಆಂಪ್. ಮೂರು ಗಂಟೆ ಅಥವಾ ಹೆಚ್ಚು ಹೊತ್ತು ಓಡುವಂಥದ್ದಕ್ಕೆ ಅದರ ಶೇಕಡಾ 80 ಮಾತ್ರ, ಅಂದ್ರೆ 1440 ವ್ಯಾಟ್. ನಮ್ಮ ಹಳೇ ಮನೆಯ 5 ಆಂಪ್ ಸಾಕೆಟ್ಟು ತಡೆಯೋದೇ 1150. ಅದರ 80 ಅಂದ್ರೆ 920. ನನ್ನ ಎರಡು ದೀಪ ಆಗಲೇ ಆ ಗೆರೆಯ ಮೇಲೆ ನಿಂತಿದ್ದವು! ಅವರ ಸಾಕೆಟ್ಟಿನ ಲೆಕ್ಕ ನಮ್ಮ ಗೋಡೆಗೆ ಒಪ್ಪಲ್ಲ.

"ಈಗೆಲ್ಲ ಎಲ್‌ಇಡಿ ಮಾರಾಯಾ" ಅಂತೀರಾ? ಒಪ್ಪಿದೆ, ನಾನೂ ಈಗ ಅದಕ್ಕೇ ಬದಲಾಯಿಸಿದ್ದೀನಿ. ಆದರೆ ಡಬ್ಬಿಯ ಮೇಲಿನ "1000 ವ್ಯಾಟ್" ನಂಬಬೇಡಿ. ಎಷ್ಟೋ ದೀಪಗಳು ನಿಜಕ್ಕೂ ಎಳೆಯೋದು ನೂರು ಚಿಲ್ಲರೆ. ನಿಜವಾದ ವ್ಯಾಟ್ ಹಿಂಭಾಗದ ಚೀಟಿಯಲ್ಲಿರುತ್ತೆ, ಅದನ್ನ ಕೂಡಿಸಿ. ಹತ್ತಾರು ಎಲ್‌ಇಡಿ ಒಟ್ಟಿಗೆ ಹೊತ್ತಿದಾಗ ಕ್ಷಣಕಾಲ ಕರೆಂಟ್ ಜಿಗಿದು ಎಂಸಿಬಿ ಬೀಳೋದೂ ಉಂಟು. ಅದಕ್ಕೂ ಮದ್ದು 32 ಅಲ್ಲ. ಅಷ್ಟೇ ಆಂಪಿನ ಸಿ ಟೈಪ್ ಹಾಕಿಸಿ, ಇಲ್ಲಾ ದೀಪಗಳನ್ನ ಒಂದಾದ ಮೇಲೊಂದು ಹೊತ್ತಿಸಿ.

ನಾನು ಕೊನೆಗೆ ಮಾಡಿದ್ದು ಇಷ್ಟು. ಲೈಸೆನ್ಸ್ ಇರೋ ಬೇರೆ ಎಲೆಕ್ಟ್ರಿಷಿಯನ್ನನ್ನು ಹುಡುಕಿ, ಮೀಟರ್ ಹತ್ತಿರದ ಬೋರ್ಡಿನಿಂದ ಗಿಡದ ಕೋಣೆಗೆ ಬೇರೆಯದೇ ಲೈನ್ ಎಳೆಸಿದೆ. 2.5ರ ತಾಮ್ರದ ತಂತಿ, 16 ಆಂಪ್ ಎಂಸಿಬಿ, 16 ಆಂಪ್ ಸಾಕೆಟ್, ಹೊಸ ಅರ್ತ್. ನೀರು ಹಾಕೋ ಜಾಗ ಆದ್ದರಿಂದ 30 ಮಿಲಿಆಂಪಿನ ಆರ್‌ಸಿಸಿಬಿ ಕೂಡಾ. ಲೋಹದ ಮೈಯ ದೀಪದಲ್ಲಿ ಕರೆಂಟ್ ಸೋರಿದರೆ ಎಂಸಿಬಿಗೆ ತಿಳಿಯದೇ ಹೋಗಬಹುದು, ಇದು ಥಟ್ಟನೆ ಬೀಳುತ್ತೆ. ಎಕ್ಸ್‌ಟೆನ್ಷನ್ ಬಾಕ್ಸ್ ಮೇಲೆ ಇನ್ನೊಂದು ಎಕ್ಸ್‌ಟೆನ್ಷನ್ ಇಲ್ಲ. ಮೂರನೇ ಪಿನ್ನು ಮುರಿದು ಎರಡು ತೂತಿನ ಸಾಕೆಟ್ಟಿಗೆ ತುರುಕೋ ಚಟವೂ ಬಂದ್. ಹೊಸ ದೀಪ ಹಾಕಿದ ದಿನ, ಗಂಟೆ ಬಿಟ್ಟು ಪ್ಲಗ್ಗಿನ ಮೈ ಮುಟ್ಟಿ ನೋಡ್ತೀನಿ. ಸುಡ್ತಿದ್ದರೆ ಆಫ್.

ಹಾಂ, ಬಿಲ್ಲಿನ ಮಾತು ಮರೆತೆ. 900 ವ್ಯಾಟ್, ಹನ್ನೆರಡು ಗಂಟೆ, ಮೂವತ್ತು ದಿನ: 324 ಯುನಿಟ್. 2023ರಲ್ಲಿ ಬಂದ ಗೃಹಜ್ಯೋತಿಯ 200 ಯುನಿಟ್ಟು ಗಿಡದ ಕೋಣೆಯಲ್ಲೇ ಆವಿಯಾಗಿತ್ತು. ಆದರೆ ಅದು ನನ್ನ ಜೇಬು, ಹೋಗಲಿ ಬಿಡಿ :-)

ಹೋಗಲಿ ಬಿಡಿ ಅನ್ನಲಾಗದ್ದು ಇನ್ನೊಂದಿದೆ. ಬೆಂಗಳೂರಿನ ಬೀದಿಗೆ ಕರೆಂಟ್ ದೀಪ ಬಂದಿದ್ದು 1905ರ ಆಗಸ್ಟ್ 5ಕ್ಕೆ, ಶಿವನಸಮುದ್ರದಿಂದ. ನೂರಿಪ್ಪತ್ತು ವರ್ಷ ಆಯ್ತು. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಹಳೇ ಮನೆಗಳಿಗೆ ನಾವು ಸುಣ್ಣ ಬಳಿಸಿದ್ವಿ, ಟೈಲ್ಸ್ ಹಾಕಿಸಿದ್ವಿ, ಮಾಡ್ಯುಲರ್ ಅಡುಗೆಮನೆ ಮಾಡಿಸಿದ್ವಿ. ತಂತಿಯನ್ನ ಮಾತ್ರ ಮುಟ್ಟಲಿಲ್ಲ, ಕಣ್ಣಿಗೆ ಕಾಣಲ್ಲವಲ್ಲ! ಎರಡು ಟ್ಯೂಬ್‌ಲೈಟು, ಒಂದು ರೇಡಿಯೋಗೆ ಅಂತ ಎಳೆದ ದಾರದ ಮೇಲೆ ಇಡೀ ಸಂಸಾರ ನೇತುಹಾಕಿದ್ದೀವಿ. ಅದು ಕೂಗಿಕೊಂಡಾಗ "ಏನೂ ಆಗಲ್ಲ, ದೊಡ್ಡದು ಹಾಕು" ಅಂತ ಬಾಯಿ ಮುಚ್ಚಿಸ್ತೀವಿ. ಗಿಡದ ದೀಪ ನನಗೆ ಒಂದು ನೆಪ. ನಿಮ್ಮ ಮನೆಯಲ್ಲಿ ಅದು ಏಸಿ ಇರಬಹುದು, ಇಂಡಕ್ಷನ್ ಒಲೆ ಇರಬಹುದು.

ಬೀಳೋ ಎಂಸಿಬಿ ಕೆಟ್ಟದ್ದಲ್ಲ ಮಾರಾಯ್ರೇ, ಅದು ತನ್ನ ಕೆಲಸ ಮಾಡ್ತಿದೆ. ಇವತ್ತು ಸಂಜೆ ನಿಮ್ಮ ಬೋರ್ಡಿನ ಹತ್ತಿರ ಹೋಗಿ, ಎಂಸಿಬಿ ಮೇಲೆ ಬರೆದಿರೋ ನಂಬರ್ ಓದಿ. ಹಿಂದಿನ ತಂತಿ ಎಷ್ಟರದ್ದು ಅಂತ ಎಲೆಕ್ಟ್ರಿಷಿಯನ್ನನ್ನು ಕೇಳಿ. ಗೊತ್ತಿಲ್ಲ ಅಂದರೆ ಆತನಿಗೆ ಕಾಫಿ ಕೊಡಿ, ಬೋರ್ಡ್ ಮಾತ್ರ ಮುಟ್ಟಿಸಬೇಡಿ.

ನಿಮ್ಮ ಮನೆಯ ನಂಬರ್ ಎಷ್ಟು? ಕಾಮೆಂಟಿನಲ್ಲಿ ಬರೀರಿ, ಬಯ್ಯೋದಿದ್ರೂ ಅಲ್ಲೇ ಬಯ್ಯಿರಿ...