ಅದರ ಮೇಲೆ ಒಂದು ದಿನವೂ ಇಲ್ಲ

ಜನರಲ್ ಹೆರ್ನಾಂಡೆಸ್ ಮಾರ್ಟಿನೆಸ್ 1931ರಲ್ಲಿ ಹಿಡಿದ ಅಧಿಕಾರವನ್ನು 1944ರವರೆಗೆ ಬಿಡದ ನಾಡು ಎಲ್ ಸಾಲ್ವಡಾರ್. ಆಮೇಲೂ ದಶಕಗಟ್ಟಲೆ ಸೇನಾಧಿಕಾರಿಗಳದೇ ದರ್ಬಾರು. ಹಾಗಾಗಿಯೇ 1983ರ ಸಂವಿಧಾನ ಅಧ್ಯಕ್ಷರಿಗೆ ಐದು ವರ್ಷ ಕೊಟ್ಟು, ಅದರ ಮೇಲೆ ಒಂದು ದಿನವೂ ಇರುವಂತಿಲ್ಲ ಎಂದು ಸ್ಪಷ್ಟವಾಗಿ ಬರೆದಿತ್ತು. ಮರುಆಯ್ಕೆಯ ಪರ ಪ್ರಚಾರ ಮಾಡಿದವರಿಗೂ ನಾಗರಿಕ ಹಕ್ಕು ತಪ್ಪುತ್ತಿತ್ತು!

ಇಷ್ಟು ಬಿಗಿಯಾದ ಬೀಗವನ್ನು ಅಧ್ಯಕ್ಷ ನಯೀಬ್ ಬುಕೆಲೆ ಒಡೆಯಲಿಲ್ಲ, ಬೀಗದ ಕೈ ಇಟ್ಟುಕೊಂಡವರನ್ನೇ ಬದಲಿಸಿದರು. 2021ರ ಮೇ 1ರಂದು ಅವರ ಪಕ್ಷದ ಹಿಡಿತದಲ್ಲಿದ್ದ ಶಾಸನಸಭೆ ಸಂವಿಧಾನ ಪೀಠದ ನ್ಯಾಯಮೂರ್ತಿಗಳನ್ನು ಮನೆಗೆ ಕಳಿಸಿತು. ಸೆಪ್ಟೆಂಬರಿನಲ್ಲಿ ಹೊಸ ನ್ಯಾಯಮೂರ್ತಿಗಳು, ಹೊಸ ಅವಧಿಗೆ ಆರು ತಿಂಗಳು ಮುಂಚೆ ಅಧಿಕಾರದಿಂದ ದೂರ ಸರಿದರೆ ಮತ್ತೆ ನಿಲ್ಲಬಹುದು ಎಂದರು. ಸರಿ, ಬುಕೆಲೆ 2023ರ ಡಿಸೆಂಬರಿನಲ್ಲಿ ರಜೆ ಹಾಕಿದರು. ಗುಮಾಸ್ತ ಗಳಿಕೆ ರಜೆ ಬರೆದುಕೊಟ್ಟ ಹಾಗೆ! ಕುರ್ಚಿ ಕಾಯಲು ತಮ್ಮ ಆಪ್ತ ಕಾರ್ಯದರ್ಶಿಯನ್ನೇ ಕೂರಿಸಿ, 2024ರ ಫೆಬ್ರವರಿಯಲ್ಲಿ ಶೇ 80ಕ್ಕೂ ಹೆಚ್ಚು ಮತ ಪಡೆದು ಗೆದ್ದರು. 2025ರ ಜುಲೈ 31ರಂದು ಆ ನಾಟಕವೂ ಬೇಡವಾಯಿತು. ಶಾಸನಸಭೆ 57-3 ಮತಗಳಿಂದ ಸಂವಿಧಾನ ತಿದ್ದಿತು: ಎಷ್ಟು ಸಲ ಬೇಕಾದರೂ ಮರುಆಯ್ಕೆ, ಅವಧಿ ಆರು ವರ್ಷ, ಎರಡನೇ ಸುತ್ತಿನ ಮತದಾನ ರದ್ದು. ಮಂಡನೆ, ಮಂಜೂರು ಎರಡೂ ಒಂದೇ ದಿನ.

ಜನರಿಗೇ ಬೇಕಾದ ಮೇಲೆ ನಿಮ್ಮದೇನು ತಕರಾರು ಎನ್ನುವವರಿದ್ದಾರೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. 2015ರಲ್ಲಿ ಆರೂವರೆ ಸಾವಿರಕ್ಕೂ ಹೆಚ್ಚು ಕೊಲೆ ಕಂಡಿದ್ದ ದೇಶದಲ್ಲಿ 2024ರ ಸರ್ಕಾರಿ ಲೆಕ್ಕ 114. ಮಗ ಸಂಜೆ ಜೀವಂತ ಮನೆಗೆ ಬಂದರೆ ಸಾಕೆಂದು ಕಾದಿದ್ದ ತಾಯಿಗೆ ವಿಧಿಗಳ ಪಾಠ ಹೇಳುವ ಧೈರ್ಯ ನನಗಿಲ್ಲ. ಆದರೆ ಕಾಲಮಿತಿ ಇರುವುದೇ ಜನಪ್ರಿಯರಿಗಾಗಿ. ಜನರಿಗೆ ಬೇಡವಾದವನನ್ನು ಮತಪೆಟ್ಟಿಗೆಯೇ ಇಳಿಸುತ್ತದೆ, ಅವನಿಗೆ ಬೇರೆ ಬೇಲಿ ಏಕೆ?

ನಮ್ಮ ಪ್ರಧಾನಿಗೂ ಮಿತಿಯಿಲ್ಲವಲ್ಲ ಎಂಬ ಪ್ರಶ್ನೆ ಬರುತ್ತದೆ. ಹೌದು, ಇಲ್ಲ. ಆದರೆ 1999ರ ಏಪ್ರಿಲಿನಲ್ಲಿ ವಾಜಪೇಯಿ ಸರ್ಕಾರ ಒಂದೇ ಒಂದು ಮತದಿಂದ ಬಿದ್ದದ್ದು ನೆನಪಿದೆಯೇ? ಪ್ರಧಾನಿಯ ಕುರ್ಚಿ ಸದನದ ಸಾಲ, ಯಾವ ದಿನವಾದರೂ ವಾಪಸ್ ಕೇಳಬಹುದು. ಬುಕೆಲೆಯಂಥ ಅಧ್ಯಕ್ಷರನ್ನು ಹಾಗೆ ಇಳಿಸುವ ದಾರಿಯಿಲ್ಲ. ಅಲ್ಲಿ ಕ್ಯಾಲೆಂಡರೇ ವಿರೋಧ ಪಕ್ಷ. ಅದನ್ನೂ ಈಗ ಹರಿದುಹಾಕಿದ್ದಾರೆ.

ಅಲ್ಲಿನ ಅಪರಾಧಿ ಗ್ಯಾಂಗುಗಳನ್ನು ಹಿಡಿಯಲೆಂದು 2022ರ ಮಾರ್ಚಿನಲ್ಲಿ ತುರ್ತು ಪರಿಸ್ಥಿತಿ ಹೇರಿದಾಗಲೂ ಹೇಳಿದ್ದು ಮೂವತ್ತೇ ದಿನ ಎಂದು. ಮರುಆಯ್ಕೆಯ ತಿದ್ದುಪಡಿ ಪಾಸಾದ ದಿನವೂ ಅದು ಜಾರಿಯಲ್ಲೇ ಇತ್ತು.