ಮನವಿ ಪತ್ರ: ಔಷಧದ ಡೋಸ್ ನಮ್ಮವರ ಮೈಗೂ ಒಗ್ಗುವುದೇ ಎಂದು ನೋಡಿ

ಇವರಿಗೆ,
ಭಾರತದ ಔಷಧ ಮಹಾನಿಯಂತ್ರಕರು,
ನವದೆಹಲಿ.

ಇವರಿಂದ,
ಬೆಂಗಳೂರಿನ ಹೃದ್ರೋಗಿಗಳು ಹಾಗೂ ಫಾರ್ಮಸಿ ಅಧ್ಯಾಪಕರು.

ವಿಷಯ: ಬೇರೆ ಬೇರೆ ಜನಾಂಗಗಳ ಆರೋಗ್ಯವಂತ ಸ್ವಯಂಸೇವಕರಲ್ಲಿ ಔಷಧದ ವರ್ತನೆಯನ್ನು ಹೋಲಿಸಿ ನೋಡುವ ಕುರಿತು.

ಮಾನ್ಯರೇ,

ಕೊಲೆಸ್ಟ್ರಾಲ್ ಇಳಿಸಲು ನಮ್ಮಲ್ಲಿ ಅನೇಕರು ನಿತ್ಯ ರೋಸುವಾಸ್ಟಾಟಿನ್ ಮಾತ್ರೆ ನುಂಗುತ್ತೇವೆ. ಸಿಂಗಪುರದಲ್ಲಿ ನೆಲೆಸಿದ್ದ ನಾಲ್ಕು ಜನಾಂಗಗಳವರಿಗೆ ಇದೇ ಔಷಧದ 40 ಮಿ.ಗ್ರಾಂ. ಡೋಸ್ ಒಮ್ಮೆ ಕೊಟ್ಟು, ರಕ್ತಕ್ಕೆ ಎಷ್ಟು ಸೇರಿತೆಂದು ಅಳೆದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಬಿಳಿಯರಿಗೆ ಹೋಲಿಸಿದರೆ ಆ ಪ್ರಮಾಣ ಚೀನೀಯರಲ್ಲಿ 2.31 ಪಟ್ಟು, ಮಲಯರಲ್ಲಿ 1.91 ಪಟ್ಟು, ಭಾರತ ಮೂಲದವರಲ್ಲಿ 1.63 ಪಟ್ಟು ಇತ್ತು. ಊರೂ ಒಂದೇ, ಮಾತ್ರೆಯೂ ಒಂದೇ. ಅದೇ ವರ್ಷ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಏಷ್ಯಾ ಮೂಲದವರಿಗೆ 5 ಮಿ.ಗ್ರಾಂ.ನಿಂದ ಆರಂಭಿಸುವ ಸಲಹೆಯನ್ನು ಲೇಬಲ್‌ಗೆ ಸೇರಿಸಿತು. ರಕ್ತದಲ್ಲಿ ಈ ಔಷಧ ಹೆಚ್ಚಿದಷ್ಟೂ ಸ್ನಾಯುಗಳಿಗೆ ಹಾನಿಯಾಗುವ ಭಯ ಹೆಚ್ಚು.

ಭಾರತೀಯರೆಲ್ಲರೂ ಒಂದೇ ಅಚ್ಚಿನವರಲ್ಲ. ಅರಿವಳಿಕೆ ವೇಳೆ ಸ್ನಾಯು ಸಡಿಲಿಸಲು ಕೊಡುವ ಸಕ್ಸಿನೈಲ್‌ಕೋಲಿನ್‌ನ ಪರಿಣಾಮ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ವೈಶ್ಯ ಸಮುದಾಯದ ಕೆಲವರಲ್ಲಿ ಆ ಔಷಧವನ್ನು ಒಡೆಯುವ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುತ್ತದೆ. ಅಂಥವರಿಗೆ ಉಸಿರು ಮರಳಲು ಗಂಟೆಗಳೇ ಹಿಡಿಯಬಹುದು. ಅಲ್ಲಿಯವರೆಗೂ ವೆಂಟಿಲೇಟರೇ ಆಸರೆ.

2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳು, ಸ್ಥಳೀಯ ಪ್ರಯೋಗದಿಂದ ವಿನಾಯಿತಿ ಕೊಡುವಾಗ ಭಾರತೀಯರ ಕಿಣ್ವ, ಜೀನ್‌ಗಳಲ್ಲಿ ವ್ಯತ್ಯಾಸದ ಸಂಭವ ಇರಬಾರದೆನ್ನುತ್ತವೆ. ಆದರೆ ಹುಡುಕದೇ ಇದ್ದರೆ ವ್ಯತ್ಯಾಸ ಕಾಣುವುದಾದರೂ ಹೇಗೆ? ಆದ್ದರಿಂದ ನಮ್ಮ ಬೇಡಿಕೆಗಳು:

1. ವಿನಾಯಿತಿಗೆ ಮುನ್ನ ಭಾರತೀಯ ಸ್ವಯಂಸೇವಕರಲ್ಲಿ ಚಿಕ್ಕದಾದರೂ ಒಂದು ಹೋಲಿಕೆ ಅಧ್ಯಯನ ಕಡ್ಡಾಯವಾಗಲಿ. ಜೀವ ಉಳಿಸುವ ತುರ್ತು ಔಷಧಗಳನ್ನು ಮಾತ್ರ ಇದಕ್ಕಾಗಿ ತಡೆಯದೆ, ಅನುಮತಿಯ ಬಳಿಕ ಕಾಲಮಿತಿಯೊಳಗೆ ಈ ಅಧ್ಯಯನ ಮುಗಿಸಲಿ.

2. ಸ್ವಯಂಸೇವಕರನ್ನು ದೇಶದ ಎಲ್ಲ ಭಾಗಗಳಿಂದ ಆರಿಸಲಿ. ಜಿನೋಮ್ ಇಂಡಿಯಾ ಯೋಜನೆ ಕಲೆಹಾಕಿರುವ 10,000 ಜನರ ಜೀನ್ ಮಾಹಿತಿ ಇದಕ್ಕೆ ದಾರಿ ತೋರಲಿ.

3. ವಿನಾಯಿತಿ ಕೊಟ್ಟಾಗಲೆಲ್ಲ ಅದರ ಕಾರಣಗಳನ್ನು ಸಾರ್ವಜನಿಕರ ಮುಂದಿಡಲಿ.

4. ತೋಳಿಗೆ ಕ್ಯಾನುಲಾ ಹಾಕಿಸಿಕೊಂಡು, ಹೊತ್ತುಹೊತ್ತಿಗೆ ರಕ್ತ ಕೊಡುತ್ತ ಮಲಗುವ ಸ್ವಯಂಸೇವಕರಿಗೆ ಆ ಮಾತ್ರೆಯಿಂದ ಯಾವ ಲಾಭವೂ ಇಲ್ಲ. ಆದ್ದರಿಂದ ಒಪ್ಪಿಗೆ ಪತ್ರವನ್ನು ಅವರ ಭಾಷೆಯಲ್ಲೇ ಓದಿ ತಿಳಿಸಲಿ. ಸಮುದಾಯದ ವಿವರ ಗುಟ್ಟಾಗಿರಲಿ.

5. ಡೋಸ್‌ನ ವ್ಯತ್ಯಾಸ ತಿಳಿದಿರುವ ಔಷಧಗಳ ಮಾಹಿತಿ ಚೀಟಿಯಲ್ಲಿ ಆ ಮಾತು ಕನ್ನಡದಲ್ಲೂ ಅಚ್ಚಾಗಲಿ.

ನಮ್ಮ ವೈದ್ಯರು ಚೀಟಿ ಬರೆಯುವಾಗ ಅವರ ಮುಂದೆ ನಮ್ಮವರದೇ ಅಳತೆ ಇರಬೇಕು. ಅದನ್ನು ಒದಗಿಸಿಕೊಡಬೇಕೆಂದು ತಮ್ಮಲ್ಲಿ ಕಳಕಳಿಯಿಂದ ಪ್ರಾರ್ಥಿಸುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
(ಸಹಿದಾರರು)
ಸ್ಥಳ: ಬೆಂಗಳೂರು