ಪಂಚರೆಂದರೆ ಗಂಡಸರೇ ಏಕೆ?

ಮದುವೆಯಾಗಿ ಏಳು ವರ್ಷ ತುಂಬುವ ಮೊದಲೇ ಹೆಣ್ಣುಮಗಳೊಬ್ಬಳು ಗಂಡನ ಮನೆಯಲ್ಲಿ ಸತ್ತರೆ, ಅವಳ ದೇಹ ಕಣ್ಣಿಗೆ ಹೇಗೆ ಕಂಡಿತು ಎಂದು ಮೊಟ್ಟಮೊದಲು ಬರೆದಿಡುವ ಕಾಗದ ಯಾವುದು? ಚಾರ್ಜ್‌ಶೀಟ್ ಅಲ್ಲ, ಡಾಕ್ಟರ ವರದಿಯೂ ಅಲ್ಲ. ಅದು ಶವ ಪಂಚನಾಮೆ. ಗಾಯ ಎಲ್ಲಿದೆ, ಕತ್ತಿನ ಮೇಲಿನ ಗುರುತು ಎಂಥದು, ಸಾವಿಗೆ ಮೇಲ್ನೋಟಕ್ಕೆ ಕಾರಣವೇನು ಎಂದು ಅದರಲ್ಲಿ ಬರೆಯುತ್ತಾರೆ. ಕೆಳಗೆ ಪಂಚರು ಸಹಿ ಹಾಕುತ್ತಾರೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ನಮ್ಮ ಯಾವ ತಾಲ್ಲೂಕಿನ ಹೆಂಗಸರನ್ನಾದರೂ ಕೇಳಿ ನೋಡಿ, ಆ ಪಂಚರು ಯಾರೆಂದು. ಊರಿನ ಯಜಮಾನ, ಮಾಜಿ ಮೆಂಬರು, ಇಲ್ಲವೇ ಠಾಣೆ ಮುಂದಿನ ಟೀ ಅಂಗಡಿಯವನು ಎನ್ನುತ್ತಾರೆ. ಸತ್ತವಳು ಹೆಣ್ಣು. ಅವಳ ಸಾವನ್ನು ನೋಡಿ ಸಹಿ ಹಾಕುವವರು ಮಾತ್ರ ಗಂಡಸರು.

ಒಂದು ಕಾಲಕ್ಕೆ ನಮ್ಮ ದೇಶದಲ್ಲೂ ಜ್ಯೂರಿ ಪದ್ಧತಿ ಇತ್ತು. ಸಾಮಾನ್ಯ ಪ್ರಜೆಗಳು ಕೋರ್ಟಿನಲ್ಲಿ ಕೂತು, ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂದು ಹೇಳುತ್ತಿದ್ದರು. 1959ರಲ್ಲಿ ಮುಂಬಯಿಯ ನಾನಾವತಿ ಮೊಕದ್ದಮೆ ನಡೆಯಿತು. ಹೆಂಡತಿಯ ಪ್ರಿಯಕರನನ್ನು ಗುಂಡಿಟ್ಟು ಕೊಂದ ನೌಕಾಪಡೆಯ ಅಧಿಕಾರಿಯನ್ನು ಜ್ಯೂರಿಯ ಒಂಬತ್ತು ಮಂದಿಯಲ್ಲಿ ಎಂಟು ಮಂದಿ ನಿರ್ದೋಷಿ ಎಂದರು. ಹೈಕೋರ್ಟು ಅದನ್ನು ತಳ್ಳಿಹಾಕಿ ಜೀವಾವಧಿ ಶಿಕ್ಷೆ ಕೊಟ್ಟಿತು, 1961ರಲ್ಲಿ ಸುಪ್ರೀಂ ಕೋರ್ಟು ಆ ಶಿಕ್ಷೆಯನ್ನು ಎತ್ತಿಹಿಡಿಯಿತು. 1973ರ ದಂಡ ಪ್ರಕ್ರಿಯಾ ಸಂಹಿತೆ ಬರುವ ಹೊತ್ತಿಗೆ ಜ್ಯೂರಿಗೆ ಜಾಗವೇ ಉಳಿದಿರಲಿಲ್ಲ. ಜ್ಯೂರಿ ಹೋಯಿತೆಂದು ನಾನಂತೂ ಅಳುವುದಿಲ್ಲ. ಗಂಡನ ಮಾನದ ಪ್ರಶ್ನೆ ಬಂದಾಗ ಕೊಲೆಯೂ ಕ್ಷಮಿಸಬಹುದಾದ್ದು ಎನ್ನುವ ಎಂಟು ಮಂದಿ ಮುಂಬಯಿಯಲ್ಲೇ ಸಿಕ್ಕರು. ನಮ್ಮ ಅರಳಿಕಟ್ಟೆಯಲ್ಲಿ ಎಂಟಲ್ಲ, ಎಂಬತ್ತು ಮಂದಿ ಸಿಗುತ್ತಾರೆ.

ಜ್ಯೂರಿ ಹೋದರೂ ನೆರೆಹೊರೆಯವರಿಗೆ ಒಂದು ಸಣ್ಣ ಬಾಗಿಲು ತೆರೆದೇ ಇದೆ, ಅದೇ ಈ ಪಂಚನಾಮೆ. ಹಿಂದೆ ಇದು ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಮಿನಲ್ಲಿದೆ. ನೆರೆಹೊರೆಯ ಇಬ್ಬರು ಅಥವಾ ಹೆಚ್ಚು ಮಂದಿ ಮರ್ಯಾದಸ್ಥ ನಿವಾಸಿಗಳ ಎದುರಿನಲ್ಲಿ ಪೊಲೀಸರು ಶವವನ್ನು ನೋಡಿ ವರದಿ ಬರೆಯಬೇಕು ಎನ್ನುತ್ತದೆ ಕಾನೂನು. ಗಂಡಸರು ಎಂದು ಅದು ಎಲ್ಲೂ ಹೇಳಿಲ್ಲ. ಮರ್ಯಾದಸ್ಥರು ಎಂದ ಕೂಡಲೇ ಮೀಸೆಯವರನ್ನೇ ಹುಡುಕಿದ್ದು ನಮ್ಮ ಠಾಣೆಗಳು.

ಅದೇ ಕಲಮಿನಲ್ಲಿ ಇನ್ನೊಂದು ಮಾತಿದೆ, ಅದನ್ನು ಯಾರೂ ನಮಗೆ ಓದಿ ಹೇಳುವುದಿಲ್ಲ. ವರದಿಗೆ ಪೊಲೀಸ್ ಅಧಿಕಾರಿಯ ಜೊತೆ ಪಂಚರು ಸಹಿ ಹಾಕಬೇಕು, ಅಥವಾ ಅವರಲ್ಲಿ ಅದನ್ನು ಒಪ್ಪುವಷ್ಟು ಜನ ಸಹಿ ಹಾಕಬೇಕು. ಒಪ್ಪುವಷ್ಟು ಜನ! ಅಂದರೆ ಒಪ್ಪದವಳು ಸಹಿ ಹಾಕಬೇಕಾಗಿಲ್ಲ. ಬರೆದದ್ದು ಕಣ್ಣಿಗೆ ಕಂಡದ್ದಕ್ಕೆ ಹೊಂದದಿದ್ದರೆ ಪೆನ್ನು ಕೆಳಗಿಡುವ ಹಕ್ಕು ಪಂಚರಿಗಿದೆ. ಖಾಲಿ ಹಾಳೆಗೆ ಸಹಿ ಮಾಡಿ, ಟೀ ಕುಡಿದು, ಮನೆಗೆ ಬರುವ ನಮ್ಮ ಮರ್ಯಾದಸ್ಥರು ಈ ಹಕ್ಕನ್ನು ಯಾವತ್ತಾದರೂ ಬಳಸಿದ್ದಾರೆಯೇ? ಸಂಘದ ನಡಾವಳಿ ಪುಸ್ತಕದಲ್ಲಿ ಹತ್ತು ರೂಪಾಯಿ ದಂಡ ಬರೆದಿದ್ದರೂ ಗಟ್ಟಿಯಾಗಿ ಓದಿಸಿ ಕೇಳಿದ ಮೇಲೆ ಸಹಿ ಹಾಕುವವರು ನಾವು. ಹಾಗಿದ್ದರೆ ಪಂಚರಾಗಲು ಯಾರು ಲಾಯಕ್ಕು?

ಇದರಲ್ಲಿ ಏನು ಬಂತು, ಕೊನೆಗೆ ಡಾಕ್ಟರು ಹೇಳಿದ್ದೇ ತಾನೆ ಎನ್ನುವವರಿದ್ದಾರೆ. ನಿಜ, ಪಂಚನಾಮೆಯೊಂದರಿಂದಲೇ ಯಾರಿಗೂ ಶಿಕ್ಷೆಯಾಗುವುದಿಲ್ಲ. ಆದರೆ ಕೇಸು ಮುಚ್ಚುವುದು ಶುರುವಾಗುವುದು ಅಲ್ಲಿಂದಲೇ. 1997ರ ಜನವರಿಯಿಂದ ಸೆಪ್ಟೆಂಬರ್‌ವರೆಗೆ ಬೆಂಗಳೂರಿನಲ್ಲಿ ವರದಿಯಾದ ಹೆಂಗಸರ 550 ಅಸಹಜ ಸಾವುಗಳನ್ನು ವಿಮೋಚನಾ ಸಂಘಟನೆ ಲೆಕ್ಕ ಹಾಕಿ ನೋಡಿತು. ಅವುಗಳಲ್ಲಿ ನೂರಕ್ಕೆ 71ನ್ನು ಅಡುಗೆಮನೆ ಅಪಘಾತ, ಸ್ಟೋವ್ ಸಿಡಿತ ಎಂದು 174ನೇ ಕಲಮಿನ ತನಿಖೆಯಲ್ಲೇ ಮುಗಿಸಿಬಿಟ್ಟಿದ್ದರು. ಪಂಪ್ ಹೊಡೆಯುವ ಸ್ಟೋವ್ ಸಿಡಿದೀತು. ಬತ್ತಿ ಸ್ಟೋವ್ ಹೇಗೆ ಸಿಡಿಯುತ್ತದೆ? ಸಿಡಿದ ಸ್ಟೋವಿನ ತಳ ನೆಟ್ಟಗಿರುವುದು ಹೇಗೆ? ರಾತ್ರಿ ಹನ್ನೆರಡಕ್ಕೆ ಅವಳು ಯಾರಿಗೆ ಅಡುಗೆ ಮಾಡುತ್ತಿದ್ದಳು, ಒಲೆಯ ಮೇಲೆ ಪಾತ್ರೆಯೇ ಇಲ್ಲವಲ್ಲ? ದಿನಾ ಒಲೆ ಮುಂದೆ ಕೂತವಳು ಇದನ್ನು ಕೇಳದೆ ಬಿಡುತ್ತಿದ್ದಳೇ? ಅಡುಗೆಮನೆಯ ಹೊಸ್ತಿಲು ದಾಟದ ಯಜಮಾನನಿಗೆ ಇದು ಹೊಳೆಯುವುದಿಲ್ಲ. ಈಗ ಗ್ಯಾಸ್ ಬಂದು ಕತೆ ಬದಲಾಗಿದೆ. ಹೊಟ್ಟೆನೋವು ತಾಳಲಾರದೆ ನೇಣು ಹಾಕಿಕೊಂಡಳು, ಕಾಲು ಜಾರಿ ಬಾವಿಗೆ ಬಿದ್ದಳು ಎನ್ನುತ್ತಾರೆ. ಆ ತೊಲೆ ಅವಳ ಕೈಗೆ ಎಟುಕುತ್ತಿತ್ತೇ, ಅವಳು ಹತ್ತಿ ನಿಂತ ಸ್ಟೂಲು ಎಲ್ಲಿದೆ, ನೀರು ಸೇದಲು ಹೋದವಳ ಕೊಡ ಎಲ್ಲಿ ಎಂದು ಕೇಳುವವರು ಅಲ್ಲಿ ಒಬ್ಬರಾದರೂ ಬೇಕು.

ವರದಕ್ಷಿಣೆ ಸಾವಿನ ಕಲಮು, ಹಳೆಯ 304ಬಿ, ಈಗ ಭಾರತೀಯ ನ್ಯಾಯ ಸಂಹಿತೆಯ 80, ನಿಲ್ಲುವುದೇ ನೆರೆಯವರ ಬಾಯಿಮಾತಿನ ಮೇಲೆ. ಸಾವಿಗೆ ಸ್ವಲ್ಪ ಮುಂಚೆ ವರದಕ್ಷಿಣೆಗಾಗಿ ಅವಳಿಗೆ ಹಿಂಸೆ ಕೊಟ್ಟಿದ್ದರು ಎಂದು ತೋರಿಸಿದರೆ ತಪ್ಪು ಗಂಡನ ಮನೆಯವರದೇ ಎಂದು ಕೋರ್ಟು ಭಾವಿಸಬೇಕು. ಅಲ್ಲವೆಂದು ತೋರಿಸುವ ಹೊಣೆ ಅವರ ಮೇಲೆ ಬೀಳುತ್ತದೆ. ಶಿಕ್ಷೆ ಏಳು ವರ್ಷಕ್ಕೆ ಕಡಿಮೆಯಿಲ್ಲ. ಆ ಹಿಂಸೆಯನ್ನು ಕೇಳಿಸಿಕೊಂಡವರು ಯಾರು? ಗೋಡೆಯಾಚೆಯ ನಾವೇ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಗಿ ಗುಂಟೆಗೆ ಬೆಲೆ ಬಂದ ಮೇಲೆ ಕೇಳುವವರ ಬಾಯಿಯೂ ದೊಡ್ಡದಾಗಿದೆ. ವಾಚು, ಸ್ಕೂಟರಿನ ಕಾಲ ಹೋಯಿತು. ಈಗ ಸೈಟು, ಕಾರು, ತವರಿನ ಜಮೀನಿಗೆ ಬಂದ ಪರಿಹಾರದಲ್ಲಿ ಪಾಲು. ನಲ್ಲಿ ಹತ್ತಿರ ನಮಗೆಲ್ಲ ಗೊತ್ತಿರುವ ಮಾತು ಸಾಕ್ಷಿ ಕಟಕಟೆಗೆ ಹೋಗುವಷ್ಟರಲ್ಲಿ ಯಾರಿಗೂ ಗೊತ್ತಿಲ್ಲದ ಮಾತಾಗುತ್ತದೆ. ಏಕೆಂದರೆ ಮಧ್ಯದಲ್ಲಿ ರಾಜಿ ಪಂಚಾಯ್ತಿ ಆಗಿರುತ್ತದೆ. ಮಗುವಿನ ಹೆಸರಿಗೆ ಇಷ್ಟು ಡಿಪಾಸಿಟ್, ತವರಿನವರಿಗೆ ಒಡವೆ ವಾಪಸ್, ಸಾಕ್ಷಿಗಳು ತಿರುಗಿ ಬೀಳುವುದು. ಕೋರ್ಟಿನ ಹೊರಗೆ ರಾಜಿ ಮಾಡಿ ಮುಗಿಸಿಕೊಳ್ಳಬಹುದಾದ ಅಪರಾಧ ಇದಲ್ಲ. ಇದನ್ನು ಬಲ್ಲ ಹಿರಿಯರೇ ಕಟ್ಟೆಯಲ್ಲಿ ಕೂತು ಹೆಣದ ಬೆಲೆ ಕಟ್ಟುತ್ತಾರೆ.

ಪೊಲೀಸು, ಕೋರ್ಟು ಎಂದರೆ ನಮಗೆ ಭಯ. ಕೂಲಿ ಹೋಗುತ್ತದೆ, ಗಂಡ ಬಯ್ಯುತ್ತಾನೆ, ಅವರ ಕಡೆಯವರು ದಾರಿಯಲ್ಲಿ ಅಡ್ಡಹಾಕುತ್ತಾರೆ. ಈ ಭಯ ಸುಳ್ಳಲ್ಲ. ಆದರೆ ತನಿಖೆಗೆ ಠಾಣೆಗೇ ಬಾ ಎಂದು ಹೆಂಗಸನ್ನು ಬಲವಂತ ಮಾಡುವಂತಿಲ್ಲ, ಅವಳಿರುವಲ್ಲಿಗೇ ಬಂದು ಕೇಳಬೇಕು. ಕೋರ್ಟಿಗೆ ಬಂದ ಸಾಕ್ಷಿಗೆ ಖರ್ಚು ಕೊಡಲು ಅವಕಾಶವಿದೆ, ಕೇಳಬೇಕಷ್ಟೆ. ಬೆದರಿಕೆ ಇದ್ದರೆ 2018ರಿಂದ ಸಾಕ್ಷಿ ರಕ್ಷಣಾ ಯೋಜನೆ ಇದೆ. ಒಬ್ಬಳೇ ಹೋದರೆ ಬೆದರಿಸುತ್ತಾರೆ. ಹದಿನೈದು ಮಂದಿ ಹಿಂದೆ ನಿಂತವಳನ್ನು ಬೆದರಿಸಲು ಯೋಚನೆ ಮಾಡುತ್ತಾರೆ. ಬ್ಯಾಂಕಿನ ಮ್ಯಾನೇಜರನ ಮುಂದೆ ಇದನ್ನು ನಾವು ಕಲಿತಾಗಿದೆ.

ಆದ್ದರಿಂದ ಪ್ರತಿ ಸಂಘವೂ ಓದುಬರಹ ಬಲ್ಲ, ಹೆಣ ನೋಡಿ ತಲೆ ತಿರುಗದ ನಾಲ್ವರ ಹೆಸರನ್ನು ಠರಾವು ಮಾಡಿ ಠಾಣೆಯ ಸಬ್‌ಇನ್‌ಸ್ಪೆಕ್ಟರಿಗೂ ತಹಶೀಲ್ದಾರರಿಗೂ ಕೊಟ್ಟು ಸ್ವೀಕೃತಿ ಪಡೆಯಲಿ. ಏಳು ವರ್ಷದೊಳಗಿನ ಇಂಥ ಸಾವಿಗೆ ಪೊಲೀಸರಷ್ಟೇ ಸಾಲದು, ಮ್ಯಾಜಿಸ್ಟ್ರೇಟರ ವಿಚಾರಣೆ ಆಗಲೇಬೇಕು. ಸಾಧ್ಯವಿದ್ದಲ್ಲೆಲ್ಲ ಹೆತ್ತವರಿಗೆ ತಿಳಿಸಿ, ಅವರನ್ನು ಅಲ್ಲಿರಲು ಬಿಡಬೇಕು. ತವರಿಗೆ ಫೋನ್ ಮಾಡುವ ಕೆಲಸ ನಮ್ಮದೇ ಆಗಲಿ. ವರದಿ 24 ಗಂಟೆಯೊಳಗೆ ಜಿಲ್ಲಾ ಅಥವಾ ಉಪವಿಭಾಗ ಮ್ಯಾಜಿಸ್ಟ್ರೇಟರಿಗೆ ಹೋಗಬೇಕೆಂದು ಹೊಸ ಸಂಹಿತೆ ಹೇಳುತ್ತದೆ. ಸಹಿ ಹಾಕದೆ ಬಂದವರು ಏಕೆ ಹಾಕಲಿಲ್ಲವೆಂದು ಅದೇ ದಿನ ಅವರಿಗೆ ಸ್ಪೀಡ್ ಪೋಸ್ಟಿನಲ್ಲಿ ಬರೆಯಲಿ.

ಇನ್ನೊಂದು ಕಷ್ಟದ ಮಾತು ಉಳಿದಿದೆ. ಸೊಸೆ ಸತ್ತ ಮನೆ ನಮ್ಮ ಸಂಘದ ಅಧ್ಯಕ್ಷೆಯದೇ ಆಗಿದ್ದರೆ? ನಮಗೆ ಸಾಲ ಕೊಡಿಸಿದವಳು, ಆಸ್ಪತ್ರೆಗೆ ಜೊತೆ ಬಂದವಳು, ನಮ್ಮದೇ ಜಾತಿಯವಳು. ಅಂಥ ಮನೆಗೆ ಆ ಸಂಘದವರು ಪಂಚರಾಗಿ ಹೋಗಕೂಡದು, ಅದೇ ಊರಿನ ಬೇರೆ ಬೀದಿಯ ಸಂಘದವರು ಹೋಗಬೇಕು ಎಂದು ಇಂದೇ, ಯಾರೂ ಸಾಯದೆ ಇರುವಾಗಲೇ, ಎಲ್ಲ ಸಂಘಗಳೂ ಕೂಡಿ ನಡಾವಳಿಯಲ್ಲಿ ಬರೆಯಬೇಕು. ಆ ಠರಾವಿಗೆ ಮೊದಲ ಸಹಿ ಅಧ್ಯಕ್ಷೆಯರೇ ಹಾಕಲಿ.